ಪಾಳಿ ಆಕೀದು

ಪ್ರತಿ ರವಿವಾರ ಮುಂಜಾನೆ ನಮ್ಮ ಮನೆಯಲ್ಲಿ ಒಂದು ವಿಡಿಯೊ ಕಾಲ್ ನಡೆಯುತ್ತದೆ. ಫೋನು ನನ್ನದು, ರಿಚಾರ್ಜು ನನ್ನದು, ಅದನ್ನು ಅಕ್ಕಿಡಬ್ಬಿಗೆ ಆನಿಸಿ ನಿಲ್ಲಿಸುವ ಕೆಲಸವೂ ನನ್ನದು. ಮಾತು ಮಾತ್ರ ನನ್ನದಲ್ಲ. ಈ ಕಡೆ ನನ್ನ ತಂಗಿ ರೇಣುಕಾ ಎರಡು ಜಡೆ ಹಾಕಿಕೊಂಡು, ಮುಖಕ್ಕೆ ಪೌಡರ್ ಬಳಿದುಕೊಂಡು ಕೂತಿರುತ್ತಾಳೆ. ಆ ಕಡೆ, ಮುಂಡಗೋಡ ತಾಲೂಕಿನ ತಮ್ಮ ಊರು ಚಿಗಳ್ಳಿಯಲ್ಲಿ, ಈ ಬೇಸಿಗೆಯಲ್ಲಿ ನಿವೃತ್ತರಾದ ಆಕೆಯ ಟೀಚರು, ನಮ್ಮ ಅಕ್ಕೋರು, ಕೂತಿರುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಸುಮ್ಮನಿರುತ್ತಾರೆ. ಹೊಸಬರು ನೋಡಿದರೆ ನೆಟ್‌ವರ್ಕ್ ಹೋಗಿದೆ ಅಂದುಕೊಳ್ಳಬೇಕು. ನಮ್ಮ ಅಪ್ಪ ಇವತ್ತಿಗೂ ಹಾಗೇ ಅಂದುಕೊಂಡು ಎದ್ದು ಬಂದು ಫೋನಿಗೆ ಎರಡು ಬಡಿಯುತ್ತಾನೆ, ಹಳೇ ಟಿ.ವಿ.ಗೆ ಬಡಿದ ಹಾಗೆ. ನೆಟ್‌ವರ್ಕ್ ಸರಿಯಾಗೇ ಇರುತ್ತದೆ. ಅವರಿಬ್ಬರ ಮಾತಿನ ರೀತಿಯೇ ಅದು. ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಉತ್ತರ ಹುಡುಕುತ್ತಾರೆ, ಕೇಳಿದವರು ಕಾಯುತ್ತಾರೆ. ‘ಏನ ತಿಂದಿ’ ಎಂಬ ಪ್ರಶ್ನೆಗೂ ‘ಉಪ್ಪಿಟ್ಟು’ ಎಂಬ ಉತ್ತರಕ್ಕೂ ನಡುವೆ ನಾನು ಹಲ್ಲುಜ್ಜಿ ಬರಬಹುದು.

ಬಂದವನು ಕ್ಯಾಮೆರಾದೊಳಗೆ ಮುಖ ತೂರಿಸಿ ನಮಸ್ಕಾರ ಎಂದರೆ, ಇಬ್ಬರೂ ಒಂದೇ ಸಲ ತುಟಿಯ ಮೇಲೆ ಬೆರಳಿಡುತ್ತಾರೆ. ನನ್ನ ಫೋನಿನಲ್ಲಿ ನನಗೇ ಜಾಗವಿಲ್ಲ.

ಆದ್ದರಿಂದ ಓದುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಕ್ಕೋರ ಬಗ್ಗೆ ಬರೆಯುವವರು ಭಕ್ತಿಯಿಂದ ಬರೆಯಲಿ, ಅವರಿಗೆ ಅಂಥವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಹೊಟ್ಟೆಕಿಚ್ಚಿನಿಂದ. ಒಂಬತ್ತು ವರ್ಷದಿಂದ ಉರಿಯುತ್ತಿರುವ ಒಲೆ ಇದು, ಬೆಂಕಿ ಚೆನ್ನಾಗಿ ಹಿಡಿದಿದೆ.

ದಾಂಡೇಲಿಯಲ್ಲಿ ನನ್ನ ನಿಜವಾದ ಹೆಸರು ಗೊತ್ತಿರುವುದು ರೇಶನ್ ಕಾರ್ಡಿಗೆ ಮಾತ್ರ. ಉಳಿದವರಿಗೆಲ್ಲ ನಾನು ‘ರೇಡಿಯೊ’. ಪಾಳಿಗೆ ಕೂಗುವ ಪೇಪರ್ ಮಿಲ್ಲಿನ ಭೋಂಗಾದಿಂದ ಹಿಡಿದು ಹಳಿಯಾಳ ಬಸ್ಸಿನ ಕಂಡಕ್ಟರ್‌ತನಕ, ಮರದ ತುದಿಯ ಮಂಗಟ್ಟೆ ಹಕ್ಕಿಯಿಂದ ಹಿಡಿದು ರಾಫ್ಟಿಂಗಿಗೆ ಬಂದು ಕಾಳಿ ಹೊಳೆಯ ನೀರು ಕಂಡ ಕೂಡಲೇ ಮನೆದೇವರನ್ನು ಕರೆಯುವ ಟೂರಿಸ್ಟಿನತನಕ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಗಣಪತಿ ಮಂಟಪದವರು ಕರೆಯುತ್ತಾರೆ, ಮದುವೆ ಆರ್ಕೆಸ್ಟ್ರಾದವರು ಕರೆಯುತ್ತಾರೆ. ಚಿಕ್ಕವನಿದ್ದಾಗ ಒಮ್ಮೆ ಭೋಂಗಾ ಕೂಗಿ, ಮಿಲ್ಲಿಗೆ ಹೋಗುವ ಮುಂಚೆ ಊಟಕ್ಕೆ ಕೂತಿದ್ದ ಅಪ್ಪನನ್ನು ಎಬ್ಬಿಸಿ ಚಪ್ಪಲಿ ಮೆಟ್ಟಿಸಿದ್ದೆ. ಪಾಳಿ ಇನ್ನೂ ಶುರುವಾಗಿಲ್ಲ ಎಂದು ಗೊತ್ತಾದ ಮೇಲೆ ಆ ಚಪ್ಪಲಿ ಕಾಲಿನಿಂದ ಕೈಗೆ ಬಂತು. ನೋಡಲಿಕ್ಕೆ ನಾನು ಬೆಂಕಿಕಡ್ಡಿ, ಮೈ ಸಣ್ಣ, ತಲೆ ದೊಡ್ಡದು. ಓದಿನಲ್ಲೂ ಹಾಗೇ, ಗೀರಿದರೆ ಒಂದು ಕ್ಷಣ ಹತ್ತಿ ಆರುತ್ತೇನೆ. ದೇವರು ಕೊಟ್ಟ ಬಂಡವಾಳ ಎಂದರೆ ಗಂಟಲೊಂದೇ.

ಆ ಬಂಡವಾಳಕ್ಕೆ ಮೊದಲ ಗಿರಾಕಿ ರೇಣಿ. ನನಗಿಂತ ಏಳು ವರ್ಷ ಚಿಕ್ಕವಳು. ಆಕೆ ಹುಟ್ಟಿದಾಗ ಹುಬ್ಬಳ್ಳಿಯ ಡಾಕ್ಟರು ಡೌನ್ ಸಿಂಡ್ರೋಮ್ ಎಂದರು. ಅಪ್ಪ ಅದನ್ನು ಯಾವುದೋ ಜ್ವರ ಎಂದುಕೊಂಡು, ಎಷ್ಟು ದಿನಕ್ಕೆ ಇಳೀತದ್ರಿ ಎಂದು ಕೇಳಿದನಂತೆ. ಇದು ಇಳಿಯುವಂಥದ್ದಲ್ಲ, ಆಕೆಯ ಜೊತೆಗೇ ಇರುವಂಥದ್ದು, ಕಲಿಯುತ್ತಾಳೆ, ತಡಮಾಡಿ ಕಲಿಯುತ್ತಾಳೆ ಎಂದು ಡಾಕ್ಟರು ಹೇಳಿ ಕಳಿಸಿದರು. ನಡಿಗೆ ತಡವಾಯಿತು, ಮಾತು ಇನ್ನೂ ತಡವಾಯಿತು. ನಗು ಮಾತ್ರ ಓಣಿಯ ಎಲ್ಲ ಕೂಸುಗಳಿಗಿಂತ ಮುಂಚೆ ಬಂತು. ನಾನು ಮಂಗಟ್ಟೆಯ ಹಾಗೆ ಕೂಗಿದರೆ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಉರುಳುತ್ತಿದ್ದಳು. ಅಂಥ ಪ್ರೇಕ್ಷಕರು ನನಗೆ ಆಮೇಲೆ ಸಿಕ್ಕಿಲ್ಲ.

ಮನೆಗೆ ಬಂದವರು ಆಕೆಯ ಗಲ್ಲ ಹಿಡಿದು ನಿನ್ನ ಹೆಸರೇನವಾ ಎನ್ನುತ್ತಿದ್ದರು. ಆಕೆ ನನ್ನ ಕಡೆ ನೋಡುತ್ತಿದ್ದಳು. ಆಕೆಗೆ ಮಾತು ಬಂದಿದ್ದರೆ ಹೇಗಿರಬಹುದು ಎಂದು ನಾನೇ ಒಂದು ಧ್ವನಿ ಕಟ್ಟಿದ್ದೆ. ಸಣ್ಣದು, ಸ್ವಲ್ಪ ಒಡಕು, ಬೆಲ್ಲ ಹಾಕಿದ್ದು. ಆ ಧ್ವನಿಯಲ್ಲಿ, ‘ನನ್ನ ಹೆಸರ ರೇಣುಕಾರಿ, ನನಗ ಚಹಾ ಬ್ಯಾಡ, ಬಿಸ್ಕೀಟ ಇದ್ರ ಕೊಡ್ರಿ’ ಎನ್ನುತ್ತಿದ್ದೆ. ಬಂದವರು ನಗುತ್ತಿದ್ದರು, ಅವ್ವ ನಗುತ್ತಿದ್ದಳು, ರೇಣಿ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು. ಬಿಸ್ಕೀಟು ಇಬ್ಬರಿಗೂ ಬರುತ್ತಿತ್ತು. ಆಕೆಗೆ ನೀರು ಬೇಕು, ಹೊರಗೆ ಹೋಗಬೇಕು, ಹಳದಿ ಫ್ರಾಕು ಬೇಡ ಎಂಬುದೆಲ್ಲ ನನಗೆ ಆಕೆಯ ಹುಬ್ಬಿನಿಂದ ತಿಳಿಯುತ್ತಿತ್ತು. ಹುಬ್ಬು ಆಕೆಯದು, ಬಾಯಿ ನನ್ನದು. ಕಂಪನಿ ಚೆನ್ನಾಗಿ ನಡೆದಿತ್ತು.

ಆ ಕಂಪನಿಗೆ ಬೀಗ ಜಡಿದವರು ಅಕ್ಕೋರು.

ರೇಣಿಯನ್ನು ನಮ್ಮ ಓಣಿಯ ಸರಕಾರಿ ಶಾಲೆಗೆ ಹಾಕಿದಾಗ ನಾನು ಅದೇ ಶಾಲೆಯಲ್ಲಿ ಏಳನೆತ್ತೆ, ಅಂದರೆ ಏಳನೇ ಕ್ಲಾಸು. ಹೆಡ್‌ಮಾಸ್ತರು ಒಳ್ಳೆಯವರು, ಆದರೆ ಅಂಜುಬುರುಕರು. ಗೇಟಿನ ಹೊರಗೆ ಕಟ್ಟಿಗೆ ಲಾರಿ ಓಡಾಡುವ ರಸ್ತೆ. ರೇಣಿ ಒಂದೆರಡು ಸಲ ಯಾರಿಗೂ ಹೇಳದೆ ಗೇಟು ದಾಟಿದ್ದಳು. ಮಾಸ್ತರು ಅಪ್ಪನನ್ನು ಕರೆಸಿದರು. ಬೇಡ ಎನ್ನಲು ಕಾಯ್ದೆಯೂ ಬಿಡುವುದಿಲ್ಲ, ತಮಗೆ ಮನಸ್ಸೂ ಇಲ್ಲ, ಆದರೆ ಹುಡುಗಿಗೆ ತನ್ನ ಹೆಸರು ಹೇಳಲು ಬರಬೇಕು, ಹೊರಗೆ ಹೋಗುವಾಗ ಕೇಳಲು ಬರಬೇಕು, ದೀಪಾವಳಿ ಸೂಟಿಯೊಳಗೆ ಅಷ್ಟಾಗದಿದ್ದರೆ ಧಾರವಾಡದ ಕಡೆ ಹಾಸ್ಟೆಲ್ ಇರುವ ಬೇರೆ ಶಾಲೆಗೆ ಕಳಿಸುವುದು ಆಕೆಗೇ ಒಳ್ಳೆಯದು ಎಂದರು. ಅಪ್ಪ ತಲೆಯಾಡಿಸಿದ. ದೊಡ್ಡವರು ಏನೆಂದರೂ ಅಪ್ಪ ತಲೆಯಾಡಿಸುತ್ತಾನೆ, ಮನೆಗೆ ಬಂದು ಊಟ ಬಿಡುತ್ತಾನೆ. ಅವ್ವ ಟ್ರಂಕಿನಿಂದ ರೇಣಿಯ ಬಟ್ಟೆ ತೆಗೆದಳು, ಮಡಚಿದಳು, ಮತ್ತೆ ಒಳಗಿಟ್ಟಳು. ಮರುದಿನ ಮತ್ತೆ ತೆಗೆದಳು. ನನಗೆ ಒಂದೇ ಚಿಂತೆ: ಆ ಹಾಸ್ಟೆಲಿನಲ್ಲಿ ಆಕೆಯ ಹುಬ್ಬು ಓದುವವರು ಯಾರು? ಇಲ್ಲೇ ಉಳಿದರೂ ನಾನು ಮುಂದಿನ ವರ್ಷ ಹೈಸ್ಕೂಲಿಗೆ ಹೋಗುವವನು.

ಹೀಗಿರುವಾಗ ಹೆಡ್‌ಮಾಸ್ತರು ಅಕ್ಕೋರನ್ನು ಕರೆಸಿದರು. ಇಂಥ ಮಕ್ಕಳಿಗೆಂದೇ ಇಲಾಖೆಯವರು ನೇಮಿಸಿದ ಟೀಚರು. ಅವರಿಗೆ ಸ್ವಂತದ ಒಂದು ಶಾಲೆ ಇರಲಿಲ್ಲ. ಹಳಿಯಾಳದಲ್ಲಿ ಮನೆ ಮಾಡಿಕೊಂಡು, ಇವತ್ತು ದಾಂಡೇಲಿ, ನಾಳೆ ಜೋಯಿಡಾ ಕಡೆ ಎಂದು ಬಸ್ಸಿನಲ್ಲೇ ಸುತ್ತುವವರು. ನಮ್ಮ ಶಾಲೆಗೆ ಮಂಗಳವಾರ ಮತ್ತು ಶುಕ್ರವಾರ. ಗಿಡ್ಡ ಆಳು, ಗುಂಡು ಮೈ. ಬಸ್ಸಿನಿಂದ ಇಳಿಯುವಾಗ ಮೊದಲು ಛತ್ರಿ ಇಳಿಯುತ್ತಿತ್ತು, ಆಮೇಲೆ ಚೀಲ, ಆಮೇಲೆ ಅವರು. ಚೀಲದೊಳಗೆ ಚಿತ್ರದ ಕಾರ್ಡು, ಬಟ್ಟೆ ಒಣಹಾಕುವ ಕ್ಲಿಪ್ಪು, ಊದುವ ಪೀಪಿ, ಹುಣಸೆ ಬೀಜ, ಹುರಿದ ಶೇಂಗಾ. ಬೀಜ ಎಣಿಸಲಿಕ್ಕೆ, ಪೀಪಿ ತುಟಿ ಬಿಗಿಯಾಗಲಿಕ್ಕೆ, ಕ್ಲಿಪ್ಪು ಬೆರಳಿಗೆ ಕಸುವು ಬರಲಿಕ್ಕೆ. ಶೇಂಗಾ ಯಾವ ಪಾಠಕ್ಕೆ ಎಂದು ನಾನು ಬಹಳ ದಿನ ಯೋಚಿಸಿದೆ. ಅದು ಅವರು ತಿನ್ನಲಿಕ್ಕೆ.

ಹೊಸಬರು ಬಂದರೆ ದರ್ಜಿ ಅಳತೆ ತೆಗೆದ ಹಾಗೆ ನಾನು ಅವರ ಗಂಟಲಿನ ಅಳತೆ ತೆಗೆಯುತ್ತೇನೆ. ಅಕ್ಕೋರು ವರಾಂಡದಲ್ಲಿ ರೇಣಿಯ ಎದುರು ನೆಲದ ಮೇಲೆ ಕೂತು, ‘ನಿನ್ನ ಹೆಸರೇನ?’ ಎಂದರು. ರೇಣಿ ನನ್ನ ಕಡೆ ನೋಡಿದಳು. ನಾನು ಬೆಲ್ಲದ ಧ್ವನಿಯಲ್ಲಿ ಹೆಸರು ಹೇಳಿ, ಮೇಲೆ ಬಿಸ್ಕೀಟಿನ ಅರ್ಜಿಯನ್ನೂ ಹಾಕಿದೆ. ಅಕ್ಕೋರು ನಗಲಿಲ್ಲ. ಇಷ್ಟು ದಿನ ಆ ಐಟಂಗೆ ನಗದವರು ನನಗೆ ಸಿಕ್ಕಿರಲಿಲ್ಲ. ಅವರು ತುಟಿಯ ಮೇಲೆ ಬೆರಳಿಟ್ಟು ಹೇಳಿದರು:

‘ಸುಮ್ನಿರು ತಮ್ಮಾ. ಪಾಳಿ ಆಕೀದು.’

ಅಷ್ಟು ಹೇಳಿ ರೇಣಿಯ ಕಡೆ ತಿರುಗಿ ಕಾಯಲು ಕೂತರು. ನಾನು ಅಂಥ ಕಾಯುವಿಕೆ ನೋಡಿರಲಿಲ್ಲ. ಹಳಿಯಾಳದ ಬಸ್ಸಿಗೆ ಕಾಯುವವರು ನಡುವೆ ಬೈಯುತ್ತಾರೆ, ರೇಶನ್ನಿಗೆ ಕಾಯುವವರು ಕಾಲು ಬದಲಿಸುತ್ತಾರೆ. ಇವರು ಹುಬ್ಬು ಸ್ವಲ್ಪ ಮೇಲೆತ್ತಿ, ತಲೆ ಸ್ವಲ್ಪ ವಾಲಿಸಿ, ಈಗಲೇ ಏನೋ ಒಳ್ಳೆಯ ಸುದ್ದಿ ಬರುತ್ತದೆ ಎನ್ನುವ ಹಾಗೆ ಕೂತೇ ಇದ್ದರು. ಒಳ್ಳೆಯ ಸುದ್ದಿ ಬರಲಿಲ್ಲ, ಗಂಟೆ ಹೊಡೆಯಿತು. ಅಕ್ಕೋರು ಸೀರೆ ಝಾಡಿಸಿಕೊಂಡು ಎದ್ದು, ಶುಕ್ರವಾರ ಬರ್ತೇನಿ ಎಂದು ರೇಣಿಗೆ ಹೇಳಿ, ಛತ್ರಿ ಹಿಡಿದು ಹೊರಟರು. ನಾನು ಮನೆಗೆ ಬಂದು ಅವ್ವನಿಗೆ, ಸರಕಾರ ಸುಮ್ಮನೆ ಕೂರಲಿಕ್ಕೂ ಪಗಾರ ಕೊಡತೈತಿ ಅಂತ ಗೊತ್ತಿದ್ರ ನಾ ಯಾಕ ಶಾಲೆ ಕಲೀತಿದ್ದೆ ಎಂದೆ. ಅವ್ವ ನಗಲಿಲ್ಲ. ಟ್ರಂಕು ಇನ್ನೂ ಗೋಡೆಯ ಮಗ್ಗುಲಲ್ಲೇ ಇತ್ತು.

ಶುಕ್ರವಾರ ಅವರು ಬಂದರು. ಬಂದವರೇ ರೇಣಿಯನ್ನು ಹಿಂದಿನ ಬೆಂಚಿನಿಂದ ಎಬ್ಬಿಸಿ ಮುಂದೆ ಕೂರಿಸಿದರು. ಕಿವಿ ಸ್ವಲ್ಪ ಮಂದ ಇರಬಹುದು, ಕಣ್ಣೂ ತೋರಿಸಬೇಕು ಎಂದು ಅವ್ವನಿಗೆ ಹೇಳಿ ಡಾಕ್ಟರ ಹತ್ತಿರ ಕಳಿಸಿದರು. ಹಾಗೆ ರೇಣಿಗೆ ಕನ್ನಡಕ ಬಂತು. ಕೇಳಿದ್ದಕ್ಕಿಂತ ನೋಡಿದ್ದು ಈಕೆಗೆ ಬೇಗ ಹತ್ತುತ್ತದೆ ಎಂದು, ಪೂರ್ತಿ ಶಬ್ದವನ್ನೇ ದೊಡ್ಡದಾಗಿ ಕಾರ್ಡಿನ ಮೇಲೆ ಬರೆದು ಚಿತ್ರದ ಜೊತೆ ತೋರಿಸಿದರು. ಒಂದೊಂದು ಮಾತಿಗೂ ಕೈಸನ್ನೆ ಕಲಿಸಿದರು. ಬಾಗಿಲ ಮೊಳೆಗೆ ಸಂಡಾಸಿನ ಚಿತ್ರದ ಒಂದು ಕಾರ್ಡು ತೂಗುಹಾಕಿದರು. ಹೊರಗೆ ಹೋಗಬೇಕಾದರೆ ಅದನ್ನು ತೆಗೆದು ಟೀಚರ ಕೈಗೆ ಕೊಡಬೇಕು. ಮತ್ತೆ ಒಂದನೆತ್ತೆಯ ಅಷ್ಟೂ ಮಕ್ಕಳಿಗೆ ಕಾಯುವುದನ್ನು ಕಲಿಸಿದರು. ರೇಣಿಯನ್ನು ಏನಾದರೂ ಕೇಳಿದರೆ ಇಡೀ ಕ್ಲಾಸು ತುಟಿಯ ಮೇಲೆ ಬೆರಳಿಟ್ಟು ಕೂರುತ್ತಿತ್ತು. ಹೊರಗಿನಿಂದ ನೋಡಿದರೆ ಯಾರೋ ಸತ್ತಿದ್ದಾರೆ ಎನ್ನಬೇಕು. ನಾನು ಪಕ್ಕದ ವರಾಂಡದಿಂದ ಮಂಗಟ್ಟೆಯಾಗಿ ಕೂಗಿದೆ. ರೇಣಿ ನಕ್ಕಳು. ಆದರೆ ಮೊದಲ ಸಲ, ನಕ್ಕು ಮುಗಿಸಿ ಮತ್ತೆ ಅಕ್ಕೋರ ಕಡೆಗೇ ತಿರುಗಿದಳು.

ಅವರನ್ನು ದೇವರ ಫೋಟೊದ ಪಕ್ಕ ನಿಲ್ಲಿಸುವವರಿಗೆ ಒಂದು ಮಾತು ಹೇಳಬೇಕು. ಅಕ್ಕೋರು ಚೌಕಾಬಾರಾದಲ್ಲಿ ಮೋಸ ಮಾಡುತ್ತಿದ್ದರು. ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ಹುಣಸೆ ಬೀಜ ಚೆಲ್ಲಿ, ಎಣಿಕೆ ಕಲಿಸುವ ಹೆಸರಿನಲ್ಲಿ ಆಡುತ್ತಿದ್ದರು. ಆಡುತ್ತ ಆಡುತ್ತ ತಮ್ಮ ಕಾಯಿಯನ್ನು ಮೆಲ್ಲಗೆ ಒಂದು ಮನೆ ಮುಂದೆ ಸರಿಸುತ್ತಿದ್ದರು. ಒಂದು ದಿನ ಅವರ ಕೈ ರೇಣಿಯ ಕಾಯಿಯನ್ನೇ ಹಿಂದಕ್ಕೆ ಸರಿಸಿತು. ರೇಣಿ ಆ ಕೈ ಹಿಡಿದು, ‘ನಂದು’ ಎಂದಳು.

ಅದು ಆಕೆಯ ಮೊದಲ ಮಾತು. ಅಕ್ಕೋರು ಶಾಬಾಸ್ ಎನ್ನಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಕಾಯಿಯನ್ನು ಮರಳಿ ಅದರ ಮನೆಯಲ್ಲಿಟ್ಟರು, ಕನ್ನಡಕ ತೆಗೆದು ಸೆರಗಿನ ತುದಿಯಿಂದ ಬಹಳ ಹೊತ್ತು ಒರೆಸಿದರು. ಸರಿಯುತ್ತರ ಬಂದಾಗಲೆಲ್ಲ ಅವರು ಮಾಡುವುದು ಇಷ್ಟೇ. ಅವರ ಗ್ಲಾಸೇ ಕೆಟ್ಟದ್ದಿರಬೇಕು, ಬೇಗ ಮಂಜಾಗುತ್ತದೆ ಎಂದು ನಾನು ಆಗ ತಿಳಿದಿದ್ದೆ.

ಸುದ್ದಿ ಏಳನೆತ್ತೆಗೆ ಬಂದಾಗ ನಾನು ಖುಷಿಪಡಬೇಕಿತ್ತು. ಅವ್ವ ಆವತ್ತು ಸಜ್ಜಕ ಮಾಡಿದಳು, ಅಪ್ಪ ಎರಡು ಸಲ ಬಡಿಸಿಕೊಂಡು ಉಂಡ. ನಾನು ನನ್ನ ತಾಟನ್ನು ಅಪ್ಪನ ಕಡೆ ಸರಿಸಿದೆ. ಆಕೆ ಹುಟ್ಟಿದಾಗಿನಿಂದ ನಾನು ಆಕೆಗಾಗಿ ಹಕ್ಕಿಯಾಗಿದ್ದೆ, ಬಸ್ಸಾಗಿದ್ದೆ, ಮಿಲ್ಲಾಗಿದ್ದೆ. ನನಗೆ ಒಂದಕ್ಷರ ಕೊಡದವಳು, ನಿನ್ನೆ ಮೊನ್ನೆ ಬಂದ ಶೇಂಗಾ ತಿನ್ನುವ ಅಕ್ಕೋರಿಗೆ ಪೂರ್ತಿ ಒಂದು ಮಾತು ಕೊಟ್ಟಿದ್ದಳು. ಅದೂ ಅವರು ಮೋಸ ಮಾಡಿದ್ದಕ್ಕೆ. ಪಾಠಕ್ಕೆಂದೇ ಬೇಕಂತ ಮೋಸ ಮಾಡಿದರು ಎಂದು ಹೆಡ್‌ಮಾಸ್ತರು ಎಲ್ಲರ ಮುಂದೆ ಹೊಗಳುತ್ತಿದ್ದರು. ನಾನು ನಂಬುವುದಿಲ್ಲ. ಮುಂದೆ ನಮ್ಮ ಮನೆಗೆ ಬಂದಾಗ ಅವ್ವನ ಜೊತೆ ಆಡುವಾಗಲೂ ಅವರು ಕಾಯಿ ಸರಿಸಿದ್ದನ್ನು ನಾನೇ ನೋಡಿದ್ದೇನೆ. ಅವ್ವನಿಗೆ ಅವರು ಏನು ಕಲಿಸಬೇಕಿತ್ತು?

‘ನಂದು’ ಆದ ಮೇಲೆ ‘ನೀರು’ ಬಂತು, ‘ಅವ್ವ’ ಬಂತು, ‘ಅಪ್ಪ’ ಬಂತು. ಮಾತು ಹೆಚ್ಚಾದ ಹಾಗೆ ನಾನು ಸಣ್ಣವನಾದೆ. ಆಮೇಲೆ ‘ಅಕ್ಕೋರ’ ಬಂತು. ‘ಅಣ್ಣ’ ಮಾತ್ರ ಬರಲಿಲ್ಲ. ನಾನು ಮನೆಯಲ್ಲಿ ಎದುರಾಳಿ ಶಾಲೆಯನ್ನೇ ತೆರೆದೆ. ರಟ್ಟಿನ ಮೇಲೆ ‘ಅಣ್ಣ’ ಎಂದು ಬರೆದು ನನ್ನ ಪಾಸ್‌ಪೋರ್ಟ್ ಫೋಟೊ ಅಂಟಿಸಿ ಆಕೆಯ ಮುಂದೆ ಹಿಡಿದೆ. ಆಕೆ ಬಹಳ ಹೊತ್ತು ನೋಡಿ, ಕ್ಲಿಪ್ಪು ತಂದು ಫೋಟೊದ ಮೂಗಿಗೆ ಹಾಕಿದಳು. ಬೆರಳಿಗೆ ಕಸುವು ಚೆನ್ನಾಗಿ ಬಂದಿತ್ತು.

ಕೊನೆಗೆ ಮಾನ ಬಿಟ್ಟು ಅಕ್ಕೋರನ್ನೇ ಕೇಳಿದೆ. ಎಲ್ಲರನ್ನೂ ಕರೀತಾಳ, ನನ್ನ ಯಾಕ ಕರಿಯೂದಿಲ್ಲರೀ ಎಂದೆ. ಅವರು ಶೇಂಗಾದ ಸಿಪ್ಪೆ ಊದುತ್ತ ಹೇಳಿದರು:

‘ನೀ ಯಾವಾಗಲೂ ಮಗ್ಗಲದಾಗ ಇರ್ತಿ. ಮಗ್ಗಲದಾಗ ಇದ್ದವನ್ನ ಯಾಕ ಕರೀಬೇಕ? ಸ್ವಲ್ಪ ದೂರ ನಿಂದ್ರು.’

ದೂರ ನಿಂತು ನೋಡಿದೆ. ನಳದ ಹಿಂದೆ ನಿಂತೆ, ಗೇಟಿನ ಕಂಬದ ಹಿಂದೆ ನಿಂತೆ. ರೇಣಿ ಕರೆಯದೆ ಹುಡುಕಿಕೊಂಡು ಬಂದು ಕೈ ಹಿಡಿಯುತ್ತಿದ್ದಳು. ಆಗ ನನಗೆ ಕೈಯೂ ಬೇಕಿತ್ತು, ಕರೆಯೂ ಬೇಕಿತ್ತು.

ದೀಪಾವಳಿ ಸೂಟಿಯ ಹಿಂದಿನ ದಿನ ಬಂತು. ಹೆಡ್‌ಮಾಸ್ತರ ಖೋಲಿಯಲ್ಲಿ ಮೇಜಿನ ಆಚೆ ಅವರು, ಈಚೆ ಕುರ್ಚಿಯ ಮೇಲೆ ರೇಣಿ, ಗೋಡೆಗೆ ಒರಗಿ ಅಕ್ಕೋರು, ಬಾಗಿಲಲ್ಲಿ ಬೆಳಗಿನ ಪಾಳಿ ಬಿಟ್ಟು ಬಂದ ಅಪ್ಪ. ನಾನು ನೀರು ಕುಡಿಯುವ ನೆವದಲ್ಲಿ ಕ್ಲಾಸಿನಿಂದ ಹೊರಬಿದ್ದು ಹಿಂದಿನ ಕಿಟಕಿಯ ಕೆಳಗೆ ಕೂತಿದ್ದೆ. ಮಾಸ್ತರು ಪ್ರೀತಿಯಿಂದಲೇ ನಿನ್ನ ಹೆಸರೇನವಾ ಎಂದು ಕೇಳಿದರು. ರೇಣಿ ಸುಮ್ಮನಿದ್ದಳು. ಒಂದನೆತ್ತೆಯಲ್ಲಿ ಆಕೆ ಹೆಸರು ಹೇಳಿದ್ದು ನಿಜ. ಆದರೆ ಇದು ಬೇರೆ ಖೋಲಿ, ದೊಡ್ಡ ಮೇಜು, ಹೊಸ ಮುಖ. ಮಾಸ್ತರು ಮೇಜಿನ ಮೇಲಿನ ಕಾಗದ ನೋಡತೊಡಗಿದರು. ಅಪ್ಪನ ಕುತ್ತಿಗೆ ಆಗಲೇ ತಲೆಯಾಡಿಸಲು ತಯಾರಾಗಿತ್ತು. ನನ್ನ ಕಣ್ಣ ಮುಂದೆ ಆ ಟ್ರಂಕು ಬಂತು. ಗಂಟಲು ತಾನಾಗೇ ಬೆಲ್ಲ ಹಾಕಿಕೊಂಡಿತು.

‘ರೇಣುಕಾರಿ’ ಎಂದೆ, ಕಿಟಕಿಯ ಕೆಳಗಿನಿಂದ.

ಇವತ್ತಿಗೂ ಹೇಳುತ್ತೇನೆ, ನನ್ನ ಬದುಕಿನ ಅತಿ ಒಳ್ಳೆಯ ಮಿಮಿಕ್ರಿ ಅದು. ಕಾಗದ ನೋಡುತ್ತಿದ್ದ ಮಾಸ್ತರು ತಲೆಯೆತ್ತಿ, ಅರೇ, ಬರತೈತೆಲ್ಲ ಎಂದು ಖುಷಿಯಿಂದ ಅಪ್ಪನ ಕಡೆ ನೋಡಿದರು. ಅಪ್ಪನ ಮುಖ ಅರಳಿತು. ಕೆಲಸ ಮುಗಿದಿತ್ತು. ಅಕ್ಕೋರು ಸುಮ್ಮನಿದ್ದಿದ್ದರೆ ಸಾಕಿತ್ತು. ಸುಮ್ಮನಿರುವುದೇ ಅವರ ನೌಕರಿ. ಆದರೆ ಆವತ್ತೇ ಅವರಿಗೆ ಬಾಯಿ ಬಂತು.

‘ಅದು ಆಕಿ ಅಲ್ರಿ ಸರ. ಕಿಟಕ್ಯಾಗ ಆಕಿ ಅಣ್ಣ ಅದಾನ. ಇನ್ನೊಮ್ಮೆ ಕೇಳ್ರಿ.’

ಆ ಕ್ಷಣದಲ್ಲಿ ನನಗೆ ಬಂದ ಸಿಟ್ಟು ಹೇಳತೀರದು. ನನ್ನ ತಂಗಿ, ನನ್ನ ಧ್ವನಿ, ನಮ್ಮ ಮನೆಯ ಟ್ರಂಕು, ನಡುವೆ ಇವರದೇನು? ಮಾಸ್ತರು ಗೊಂದಲದಲ್ಲಿ ಇನ್ನೊಮ್ಮೆ ಕೇಳಿದರು. ಅಕ್ಕೋರು ಹುಬ್ಬೆತ್ತಿ, ತಲೆ ವಾಲಿಸಿ, ಕಾಯಲು ಶುರು ಮಾಡಿದರು. ಖೋಲಿಯವರೆಲ್ಲ ಕಾದರು. ಮಿಲ್ಲಿನ ಭೋಂಗಾ ಕೂಗಿತು. ಅದು ನಿಜವಾದದ್ದು, ನಾನಲ್ಲ. ಭೋಂಗಾ ನಿಂತಿತು. ಮತ್ತೂ ಕಾದರು. ಏನಾಯಿತೆಂದು ನಾನು ಎದ್ದು ಕಿಟಕಿಯ ಸರಳು ಹಿಡಿದು ಒಳಗೆ ಇಣುಕಿದೆ. ಬಾಯಿ ಮತ್ತೆ ತೆರೆದಿತ್ತು ಎಂದು ಕಾಣುತ್ತದೆ. ಏಕೆಂದರೆ ರೇಣಿ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿ, ನನ್ನ ಕಡೆ ನೋಡುತ್ತ, ತುಟಿಯ ಮೇಲೆ ಬೆರಳಿಟ್ಟಳು.

‘ಅಣ್ಣಾ. ಸುಮ್ನಿರು.’

ಆಮೇಲೆ ಮೇಜಿನ ಕಡೆ ತಿರುಗಿ ‘ರೇಣಿ’ ಎಂದಳು. ಕುರ್ಚಿಯಿಂದ ಇಳಿದು, ‘ಹೊರಗ’ ಎಂದಳು. ಅಷ್ಟು ಹೊತ್ತು ಕಾಯಿಸಿದರೆ ಯಾರಿಗಾದರೂ ಹೊರಗೆ ಹೋಗಬೇಕಾಗುತ್ತದೆ. ಮಾಸ್ತರ ಎರಡೂ ಶರ್ತುಗಳು ಒಂದೇ ಉಸಿರಿನಲ್ಲಿ ಮುಗಿದವು. ಅವರು ನಗುತ್ತ ಕೈಯಿಂದಲೇ ಹೋಗು ಎಂದರು. ಅಪ್ಪ ತಲೆಯಾಡಿಸುವುದನ್ನು ಮರೆತು ನಿಂತಿದ್ದ. ಅಕ್ಕೋರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು.

ನಾನು ಕಿಟಕಿಯ ಕೆಳಗೆ ಮತ್ತೆ ಕೂತೆ. ಅಷ್ಟು ದಿನ ಕಾದು, ಫೋಟೊದ ಮೂಗಿಗೆ ಕ್ಲಿಪ್ಪು ಹಾಕಿಸಿಕೊಂಡು, ಕೊನೆಗೆ ‘ಅಣ್ಣ’ ಬಂತು. ಬಂದದ್ದು ನನ್ನ ಬಾಯಿ ಮುಚ್ಚಿಸಲಿಕ್ಕೆ. ಬೆರಳು ಆಕೆಯದು, ಆದರೆ ಆ ಬೆರಳಿಡುವ ರೀತಿ ಅಕ್ಕೋರದು. ನನ್ನ ಮೊದಲ ‘ಅಣ್ಣ’ದಲ್ಲೂ ಅವರು ಅರ್ಧ ಪಾಲು ಹೊಡೆದಿದ್ದರು.

ಟ್ರಂಕು ಮಂಚದ ಕೆಳಗೆ ಹೋಯಿತು. ರೇಣಿ ಅದೇ ಶಾಲೆಯಲ್ಲಿ ಕಲಿತಳು. ಕೆಲವು ಪಾಠ ತನ್ನ ವೇಗದಲ್ಲಿ, ಕೆಲವು ಚಿತ್ರದಲ್ಲಿ, ಗಣಿತ ಹುಣಸೆ ಬೀಜದಲ್ಲಿ. ಮಂಗಳವಾರ ಮುಂಜಾನೆ ಆಕೆಯನ್ನು ಎಬ್ಬಿಸಬೇಕಾಗಿರಲಿಲ್ಲ. ಉಳಿದ ದಿನ ನಾನು ಮಂಗಟ್ಟೆ, ಭೋಂಗಾ, ಕಂಡಕ್ಟರ್ ಮೂರನ್ನೂ ಮಾಡಿ ಎಬ್ಬಿಸಬೇಕಾಗುತ್ತಿತ್ತು.

ನಾನು ಬಂಗೂರನಗರದ ಕಾಲೇಜು ಸೇರಿದ ಮೇಲೆ ಒಮ್ಮೆ ಹಳಿಯಾಳದ ಬಸ್ಸಿನಲ್ಲಿ ಅಕ್ಕೋರು ಸಿಕ್ಕರು. ಅವರು ಕೂತಿದ್ದರು, ನಾನು ಎರಡು ಸೀಟು ಹಿಂದೆ ಸರಳು ಹಿಡಿದು ನಿಂತಿದ್ದೆ. ಅವರ ಪಕ್ಕದಲ್ಲಿ ಜೋಯಿಡಾ ಕಡೆಯ ಒಬ್ಬ ತಾಯಿ, ಮಡಿಲಲ್ಲಿ ಕೂಸು. ಕೂಸಿನ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮ ರೇಣಿಯ ಮುಖವೇ. ಬಸ್ಸಿನವರಿಗೆಲ್ಲ ಆ ತಾಯಿಗೆ ಹೇಳಲಿಕ್ಕೆ ಒಂದೊಂದು ಮಾತಿತ್ತು. ಒಬ್ಬರು ದೇವರ ಹೆಸರು ಹೇಳಿದರು, ಒಬ್ಬರು ಬೇರಿನ ಹೆಸರು, ಒಬ್ಬರು ಡಾಕ್ಟರ ಹೆಸರು. ಅಕ್ಕೋರು ಏನೂ ಹೇಳದೆ ಕೂಸನ್ನು ತಮ್ಮ ಮಡಿಲಿಗೆ ಎತ್ತಿಕೊಂಡು, ಅದರ ಮುಖ ನೋಡಿ, ನಿನ್ನ ಹೆಸರೇನ ಎಂದು ಕೇಳಿದರು. ಇನ್ನೂ ಹಲ್ಲು ಬಾರದ ಕೂಸು. ಕೇಳಿ, ಹುಬ್ಬೆತ್ತಿ ಕಾಯತೊಡಗಿದರು. ಬಸ್ಸು ಒಂದು ಸ್ಟಾಪ್ ದಾಟಿತು. ಕೂಸು ಅವರನ್ನೇ ನೋಡಿ ನೋಡಿ, ತುಟಿಯಿಂದ ಒಂದು ಗುಳ್ಳೆ ಊದಿ ‘ಬ್ಬ’ ಎಂದಿತು. ಅಕ್ಕೋರು ಕನ್ನಡಕ ತೆಗೆದರು.

ಆ ತಾಯಿ ಕೊಂಕಣಿಯಲ್ಲಿ ಏನೋ ಹೇಳಿ ಕಣ್ಣೊರೆಸಿಕೊಂಡಳು. ಕೂಸಿನ ಬಗ್ಗೆ ಎಲ್ಲರೂ ನನ್ನನ್ನೇ ಕೇಳುತ್ತಾರೆ, ಕೂಸನ್ನೇ ಕೇಳಿದವರು ನೀವೊಬ್ಬರೇ ಎಂದಳು ಅಂತ ಪಕ್ಕದವರು ಕನ್ನಡದಲ್ಲಿ ಹೇಳಿದರು. ಬಸ್ಸಿನಲ್ಲಿದ್ದವರ ಮುಖ ಮೆತ್ತಗಾಯಿತು. ನನ್ನದು ಆಗಲಿಲ್ಲ. ಕಾಯುವುದು ರೇಣಿಗೆಂದೇ ಮೀಸಲು ಎಂದು ನಾನು ತಿಳಿದಿದ್ದೆ. ಇವರು ನೋಡಿದರೆ ದಾರಿಯಲ್ಲಿ ಸಿಕ್ಕ ಕೂಸಿಗೂ ಕಾಯುತ್ತಾರೆ. ಆ ಕೂಸಿನ ಮೇಲೆ ನನಗೆ, ರೇಣಿಯ ಪರವಾಗಿ, ಹೊಟ್ಟೆಕಿಚ್ಚಾಯಿತು. ಇಳಿಯುವಾಗ ಅಕ್ಕೋರು ನನ್ನನ್ನು ನೋಡಿ, ಎಷ್ಟೊತ್ತಿನಿಂದ ನಿಂತೀಯೋ, ಮಾತಾಡಸಲಿಲ್ಲಲ್ಲ ಎಂದರು. ಪಾಳಿ ಬರಲಿಲ್ಲರಿ ಎಂದೆ. ಆವತ್ತು ಒಂದು ಹಿಡಿ ಶೇಂಗಾ ನನ್ನ ಕೈಗೂ ಬಂತು.

ಈ ಬೇಸಿಗೆಯಲ್ಲಿ ಅವರಿಗೆ ನಿವೃತ್ತಿಯಾಯಿತು. ಬೀಳ್ಕೊಡುಗೆ ನಮ್ಮ ಹಳೆಯ ಶಾಲೆಯ ದೊಡ್ಡ ಹಾಲಿನಲ್ಲೇ ಇಟ್ಟಿದ್ದರು. ಬೇರೆ ಬೇರೆ ಶಾಲೆಯಿಂದ ಅವರ ಮಕ್ಕಳು, ಅವರವರ ಅವ್ವ ಅಪ್ಪ ಬಂದು ತುಂಬಿದ್ದರು. ಅಕ್ಕೋರು ಶಾಲು ಹಾರದ ನಡುವೆ ಮುಳುಗಿ, ಕುರ್ಚಿಯ ಮೇಲೆ ಕಾಲು ನೆಲಕ್ಕೆ ಮುಟ್ಟದೆ ಕೂತಿದ್ದರು. ಭಾಷಣಗಳಾದವು. ನಂತರ ಮೈಕಿನಲ್ಲಿ ರೇಡಿಯೊ ಎಂದು ಕೂಗಿದರು. ಅಕ್ಕೋರನ್ನ ಮಾಡಿ ತೋರಸು ಎಂದು ಹಿಂದಿನಿಂದ ಕೂಗು ಬಂತು.

ಮಾಡಿದೆ. ಛತ್ರಿ ಇಳಿಸಿದೆ, ಚೀಲ ಇಳಿಸಿದೆ, ಅವರನ್ನು ಇಳಿಸಿದೆ. ಸಿಪ್ಪೆ ಊದಿದೆ, ಚೌಕಾಬಾರಾದ ಕಾಯಿ ಸರಿಸಿದೆ. ಅಕ್ಕೋರೇ ಬಾಯಿಗೆ ಸೆರಗಿಟ್ಟು ನಕ್ಕರು. ಇಡೀ ಸಭೆ ನಗುತ್ತಿತ್ತು, ಆದರೆ ನಾನು ಮಾಡಿದ್ದು ಅಕ್ಕೋರಾಗಿರಲಿಲ್ಲ. ಅದು ನನಗೂ ಗೊತ್ತಿತ್ತು, ರೇಣಿಗೂ ಗೊತ್ತಿತ್ತು. ಅಕ್ಕೋರೆಂದರೆ ಆ ಕಾಯುವುದು. ಮನೆಯಲ್ಲಿ ಕನ್ನಡಿಯ ಮುಂದೆ ಎಷ್ಟು ಸಲ ಮಾಡಿ ನೋಡಿದ್ದೇನೋ. ಹುಬ್ಬೆತ್ತುತ್ತೇನೆ, ತಲೆ ವಾಲಿಸುತ್ತೇನೆ, ಎರಡು ಉಸಿರಾಗುವಷ್ಟರಲ್ಲಿ ಬಾಯಿ ತಾನಾಗೇ ತೆರೆದು ಏನೋ ಒಂದು ಹೇಳಿಬಿಡುತ್ತದೆ. ಸ್ಟೇಜಿನ ಮೇಲೂ ಹಾಗೇ ಆಯಿತು. ಹುಬ್ಬೆತ್ತಿದೆ, ತಡೆಯಲಾರದೆ ಕಂಡಕ್ಟರನಾಗಿಬಿಟ್ಟೆ.

ಮುಂದಿನ ಸಾಲಿನಿಂದ ರೇಣಿ ಎದ್ದಳು. ಈಗ ಹದಿನೈದು ಆಕೆಗೆ, ಹೈಸ್ಕೂಲು. ಯಾರೂ ಕರೆದಿರಲಿಲ್ಲ. ಮೆಟ್ಟಿಲ ಹತ್ತಿರ ನಿಂತು ಒಂದೊಂದೇ ಹತ್ತಿ ಬಂದು, ನನ್ನ ಕೈಯಿಂದ ಮೈಕು ಇಸಿದುಕೊಂಡು ಪಕ್ಕಕ್ಕಿಟ್ಟಳು.

‘ಅಣ್ಣ. ಕುಂದ್ರು.’

ಕೂತೆ. ಆಕೆ ನನ್ನ ಎದುರು ಸ್ಟೇಜಿನ ನೆಲದ ಮೇಲೆ ಕೂತಳು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಳು, ಹುಬ್ಬನ್ನು ಸ್ವಲ್ಪ ಮೇಲೆತ್ತಿದಳು, ತಲೆಯನ್ನು ಸ್ವಲ್ಪ ವಾಲಿಸಿದಳು. ಹಾಲಿನಲ್ಲಿ ಯಾರೋ ಅಯ್ಯೋ ಎಂದರು. ನನ್ನೆದುರು ಅಕ್ಕೋರೇ ಕೂತಿದ್ದರು.

‘ನಿನ್ನ ಹೆಸರೇನ?’

ನಾನು ಕಂಡಕ್ಟರನ ಧ್ವನಿಯಲ್ಲಿ, ‘ರೇಡಿಯೊ, ರೇಡಿಯೊ, ಯಾರ್ರೀ ಹಳಿಯಾಳ’ ಎಂದೆ. ಜನ ನಕ್ಕರು. ರೇಣಿ ನಗಲಿಲ್ಲ. ಹುಟ್ಟಿದಾಗಿನಿಂದ ನನ್ನ ಪ್ರತಿ ಧ್ವನಿಗೂ ನಕ್ಕವಳು ಅಕ್ಕೋರ ಹಾಗೆಯೇ, ಅವರಿಗಿಂತ ಚೆನ್ನಾಗಿ, ನಗದೆ ಕೂತಳು.

‘ಪಾಳಿ ನಿಂದು.’

ಕಾಯತೊಡಗಿದಳು. ನಾನು ಅಪ್ಪನ ಧ್ವನಿ ತೆಗೆದೆ, ಹುಬ್ಬು ಬೇಡ ಎಂದಿತು. ಹೆಡ್‌ಮಾಸ್ತರ ಧ್ವನಿ ತೆಗೆದೆ, ಬೇಡ ಎಂದಿತು. ಆ ಹುಬ್ಬು ಓದಲು ಈ ಊರಿನಲ್ಲಿ ನನಗಿಂತ ಚೆನ್ನಾಗಿ ಬರುವವರಿಲ್ಲ. ಜನರ ನಗು ಮೆಲ್ಲಗೆ ಇಳಿಯಿತು. ಹಾಲಿನಲ್ಲಿದ್ದ ಅಕ್ಕೋರ ಮಕ್ಕಳು ಒಬ್ಬೊಬ್ಬರಾಗಿ ತುಟಿಯ ಮೇಲೆ ಬೆರಳಿಟ್ಟರು. ನನ್ನ ಗಂಟಲಿನ ಬಾಡಿಗೆದಾರರೆಲ್ಲ ಎಲ್ಲಿಗೆ ಹೋದರೋ, ಒಬ್ಬರೂ ಸಿಗಲಿಲ್ಲ. ಆಕೆಗೆ ಅವಸರವಿರಲಿಲ್ಲ. ಈಗಲೇ ಏನೋ ಒಳ್ಳೆಯ ಸುದ್ದಿ ಬರುತ್ತದೆ ಎನ್ನುವ ಹಾಗೆ ನನ್ನ ಮುಖ ನೋಡುತ್ತಲೇ ಇದ್ದಳು.

‘ಬಸವರಾಜ’ ಎಂದೆ.

ಯಾರ ಧ್ವನಿಯೂ ಅಲ್ಲ ಅದು. ಸಣ್ಣದು, ಸ್ವಲ್ಪ ಒಡಕು. ಕೇಳಲಿಕ್ಕೆ ಅಷ್ಟೇನೂ ಚೆನ್ನಾಗಿರಲಿಲ್ಲ.

ರೇಣಿ ಶಾಬಾಸ್ ಎನ್ನಲಿಲ್ಲ. ಕನ್ನಡಕ ತೆಗೆದು ಓಢಣಿಯ ತುದಿಯಿಂದ ಒರೆಸತೊಡಗಿದಳು. ನಾನು ಅಕ್ಕೋರ ಕಡೆ ನೋಡಿದೆ. ಅವರೂ ಹಾರವನ್ನು ಬದಿಗೆ ಸರಿಸಿ, ಸೆರಗಿನ ತುದಿ ಹುಡುಕಿ ಒರೆಸುತ್ತಿದ್ದರು. ಇಡೀ ಹಾಲಿನೆದುರು ಇಬ್ಬರಿಗೂ ಮುಖ ತಗ್ಗಿಸಿ ಒರೆಸಿಕೊಳ್ಳಲು ಕನ್ನಡಕವಿತ್ತು. ನನಗೆ ಅದೂ ಇರಲಿಲ್ಲ.